ಸತ್ಯಾಂಶ: ನಿರೋಧಕ ಸೋಯಾ ತಳಿ ಬಿತ್ತಿದರೆ ಜಂತುಹುಳು ನಿರ್ನಾಮವಾಗುತ್ತದೆಯೇ?

ಅಮೆರಿಕದ ಸೋಯಾ ಹೊಲದ ಚಿತ್ರವೊಂದರ ಜೊತೆ ಸಂದೇಶ ಹರಿದಾಡುತ್ತಿದೆ: "ನಿರೋಧಕ ತಳಿ ಒಮ್ಮೆ ಬಿತ್ತಿ, ಜಂತುಹುಳು ಶಾಶ್ವತವಾಗಿ ನಾಶ." ಇದು ತಪ್ಪು.

ಅಲ್ಲಿನ ಸೋಯಾಗೆ ದೊಡ್ಡ ಶತ್ರು ಸಿಸ್ಟ್ ಜಂತುಹುಳು (ನೆಮಟೋಡ್), ಅಂದರೆ ಮಣ್ಣಿನಲ್ಲಿದ್ದು ಬೇರಿನಿಂದ ಆಹಾರ ಹೀರುವ ಸಣ್ಣ ಹುಳು. ಆ ದೇಶದಲ್ಲಿ ಇದು ಮೊದಲು ಪತ್ತೆಯಾದದ್ದು 1954ರಲ್ಲಿ, ನಾರ್ತ್ ಕೆರೊಲಿನಾದಲ್ಲಿ. ಹೆಣ್ಣುಹುಳು ಸತ್ತಾಗ ಅದರ ದೇಹವೇ ಗಟ್ಟಿ ಚೀಲವಾಗಿ, ಒಳಗಿನ ನೂರಾರು ಮೊಟ್ಟೆಗಳನ್ನು ವರ್ಷಗಟ್ಟಲೆ ಕಾಯುತ್ತದೆ. ನಿರೋಧಕ ಬೇರಿನಲ್ಲಿ ಹುಳು ಆಹಾರ ಹೀರುವ ಜೀವಕೋಶಗಳು ಕುಸಿದು ಅದು ಹಸಿದು ಸಾಯುತ್ತದೆ. ಆದರೆ ಎಲ್ಲವೂ ಸಾಯುವುದಿಲ್ಲ. ಉಳಿದವುಗಳ ಸಂತತಿ ಅದೇ ಬೇರಿಗೆ ಒಗ್ಗಿಕೊಳ್ಳುತ್ತದೆ. ಅಲ್ಲಿನ ಬಹುಪಾಲು ನಿರೋಧಕ ತಳಿಗಳಿಗೆ ನಿರೋಧಕತೆ ಬಂದದ್ದು ಪಿಐ 88788 ಎಂಬ ಒಂದೇ ಸೋಯಾ ಮೂಲದಿಂದ. ದಶಕಗಳ ಕಾಲ ಅದನ್ನೇ ಬಿತ್ತಿದ್ದರಿಂದ ಅದರ ಬಲ ಕುಂದಿದೆ. ನಿಜವಾದ ಅಪಾಯ ಇದೇ.

ಹಾಗಾಗಿ ತಳಿಯ ಹೆಸರಷ್ಟೇ ಬದಲಿಸಿದರೆ ಸಾಲದು, ನಿರೋಧಕತೆಯ ಮೂಲ ಬದಲಾಗಬೇಕು; ಪೀಕಿಂಗ್ ಎಂಬ ಇನ್ನೊಂದು ಸೋಯಾ ಮೂಲದ ತಳಿ ಸಿಕ್ಕರೆ ಒಳ್ಳೆಯದು. ನಡುವೆ ಮೆಕ್ಕೆಜೋಳ ಬೆಳೆಯಿರಿ, ಅದರಲ್ಲಿ ಈ ಹುಳು ಬೆಳೆಯದು. ಹೊಲದಲ್ಲಿ ಅಂಕುಡೊಂಕಾಗಿ ನಡೆದು, 15–20 ಕಡೆ 15–20 ಸೆಂ.ಮೀ. ಆಳದ ಮಣ್ಣು ತೆಗೆದು, ಬೆರೆಸಿ, ಮೊಟ್ಟೆ ಎಣಿಕೆಗೆ ಕಳಿಸಿ. ಎಲೆ ಹಸಿರಾಗಿದ್ದರೂ ಇಳುವರಿ ಕುಸಿದಿರಬಹುದು.

ಬಿತ್ತಿದ ಆರು ವಾರಕ್ಕೆ ಗಿಡವನ್ನು ಕೀಳದೆ ಸಲಿಕೆಯಿಂದ ಅಗೆದು ನೋಡಿ. ಕಿತ್ತರೆ ಚೀಲಗಳು ಉದುರಿಹೋಗುತ್ತವೆ. ಗುಂಡುಸೂಜಿ ತಲೆಗಿಂತ ಚಿಕ್ಕದಾದ, ನಿಂಬೆಯಾಕಾರದ ಬಿಳಿ ಅಥವಾ ಹಳದಿ ಚುಕ್ಕೆಗಳೇ ಹೆಣ್ಣುಹುಳುಗಳು. ಅವಕ್ಕಿಂತ ದೊಡ್ಡ ಗಂಟುಗಳು ಸಾರಜನಕ ಹಿಡಿಯುವ ರೈಜೋಬಿಯಂ ಎಂಬ ಉಪಕಾರಿ ಬ್ಯಾಕ್ಟೀರಿಯಾದವು. ಬೆಳಗಾವಿ, ಬೀದರ್‌ನ ಸೋಯಾ ಬೇರಿನಲ್ಲೂ ಈ ಗಂಟುಗಳು ಇರುತ್ತವೆ. ರೋಗವೆಂದು ಔಷಧ ಸುರಿಯಬೇಡಿ.