ಡಬ್ಬಿ ಮಾಂಸಕ್ಕೆ ಯುರೋಪ್ ಕಿರೀಟ

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎದವರು ಹೊಸ ಲೀಗ್ ಕಟ್ಟಲು ಯುರೋಪಿಗೆ ಬರುತ್ತಾರಂತೆ. 2025ರ ಮಾರ್ಚ್‌ನಲ್ಲಿ ಕಮಿಷನರ್ ಆಡಂ ಸಿಲ್ವರ್ ಸಾಹೇಬರು ಫಿಬಾ ಎಂಬ ವಿಶ್ವ ಬ್ಯಾಸ್ಕೆಟ್‌ಬಾಲ್ ಒಕ್ಕೂಟದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಶುಭವಾರ್ತೆ ಕೊಟ್ಟಿದ್ದು ನಿಮಗೆ ಗೊತ್ತೇ ಇದೆ. ಅವತ್ತಿನಿಂದ ಕೇಳಿಬರುತ್ತಿರುವುದು ಒಂದೇ ಪುರಾಣ: ಯುರೋಪಿನಲ್ಲಿ ಬ್ಯಾಸ್ಕೆಟ್‌ಬಾಲ್ ಇದೆ, ನೋಡುವ ಜನ ಇದ್ದಾರೆ, ದುಡ್ಡು ಮಾಡುವ ಬುದ್ಧಿ ಒಂದು ಇಲ್ಲ, ಅದನ್ನು ಹಡಗಿನಲ್ಲಿ ಹಾಕಿ ಅಮೆರಿಕದಿಂದ ತರಿಸಬೇಕು. ಅವರು ಕಣ್ಣಿಟ್ಟ ಊರುಗಳಲ್ಲಿ ಮಿಲಾನ್ ಕೂಡ ಇದೆಯಂತೆ.

ಮಿಲಾನಿಗೆ ಮಾರಾಟ ಕಲಿಸುವುದೇ? ಅಜ್ಜಿಗೆ ಮೊಮ್ಮಗ ಕೆಮ್ಮು ಕಲಿಸಿದ ಹಾಗಾಯಿತು.

ಸ್ವಾಮಿ, ಬಂಡವಾಳಶಾಹಿಯ ತವರುಮನೆ ಅಮೆರಿಕದಲ್ಲಿ ಆಟಗಾರನ ಜೆರ್ಸಿಯ ಮೇಲೆ ಎರಡೂವರೆ ಇಂಚಿನ ಜಾಹೀರಾತಿನ ಚೂರೊಂದನ್ನು ಅಂಟಿಸಬೇಕಾದರೆ 2017ರ ತನಕ ಕಾಯಬೇಕಾಯಿತು. ಅದಕ್ಕೂ ಅಲ್ಲಿನ ಮಡಿವಂತರು ಮೂಗು ಮುರಿದರು. ಮಿಲಾನಿನ ಒಲಿಂಪಿಯಾ ಬ್ಯಾಸ್ಕೆಟ್‌ಬಾಲ್ ಕ್ಲಬ್ ಇಂಥ ಚಿಲ್ಲರೆ ವ್ಯಾಪಾರಕ್ಕೆ ಯಾವತ್ತೂ ಇಳಿದದ್ದಲ್ಲ. ಅದು ದುಡ್ಡು ಕೊಟ್ಟ ಕಂಪನಿಗೆ ಕೊಟ್ಟಿದ್ದು ತನ್ನ ಹೆಸರನ್ನೇ. 1936ರಲ್ಲಿ, ಮುಸೊಲಿನಿಯ ಕಾಲದಲ್ಲಿ, ಬೊರ್ಲೆಟ್ಟಿ ಕಾರ್ಖಾನೆಯ ಕಾರ್ಮಿಕರ ಸಂಜೆ ಹೊತ್ತಿನ ಕೂಟವಾಗಿ ಅದು ಹುಟ್ಟಿತು. ಬೊರ್ಲೆಟ್ಟಿ ಅಂದರೆ ಹೊಲಿಗೆ ಯಂತ್ರದ ಹೆಸರು. ಹುಟ್ಟಿದ್ದೇ ತಡ, ಸಾಲಾಗಿ ನಾಲ್ಕು ವರ್ಷ ಹೊಲಿಗೆ ಯಂತ್ರ ಇಟಲಿಯ ಚಾಂಪಿಯನ್.

ಯುದ್ಧ ಮುಗಿದ ಮೇಲೆ ಅಡಾಲ್ಫೊ ಬೊಗೊನ್‌ಚೆಲ್ಲಿ ಎಂಬ ಮಹಾನುಭಾವ ಕ್ಲಬ್ಬನ್ನು ಕೈಗೆತ್ತಿಕೊಂಡ. ಅವನ ಕಾಲದಲ್ಲಿ, ಐವತ್ತರ ದಶಕದ ನಡುವಿನಲ್ಲಿ ಬಂದದ್ದು ಸಿಮ್ಮೆಂತಾಲ್. ಏನದು ಅಂತೀರಾ? ಬೇಯಿಸಿದ ದನದ ಮಾಂಸವನ್ನು ಜೆಲ್ಲಿಯಲ್ಲಿ ಹುದುಗಿಸಿ ತಗಡಿನ ಡಬ್ಬಿಯಲ್ಲಿ ಮುಚ್ಚಿ ಮಾರುವ ಕಂಪನಿ. ಡಬ್ಬಿ ಕೊರೆದು ತಟ್ಟೆಗೆ ಬೋರಲು ಹಾಕಿದರೆ ಒಳಗಿದ್ದದ್ದು ಡಬ್ಬಿಯ ಆಕಾರದಲ್ಲೇ, ಅದರ ಗೆರೆಗಳ ಸಮೇತ, ಸಣ್ಣಗೆ ನಡುಗುತ್ತಾ ನಿಲ್ಲುತ್ತದೆ. ಓದುಗರಲ್ಲಿ ಅರ್ಧ ಜನ ಇಲ್ಲೇ ಪುಟ ತಿರುವಿದ್ದೀರಿ ಅಂತ ಗೊತ್ತು, ಉಳಿದವರು ಕೇಳಿ. 1966ರಲ್ಲಿ ಈ ಡಬ್ಬಿ ಯುರೋಪಿನ ಚಾಂಪಿಯನ್ನರ ಕಪ್ ಗೆದ್ದಿತು. ಸೆಮಿಫೈನಲ್‌ನಲ್ಲಿ ಎದುರಿಗಿದ್ದದ್ದು ಮಾಸ್ಕೊದ ಸಿಎಸ್‌ಕೆಎ, ಅಂದರೆ ಸೋವಿಯತ್ ಸೇನೆಯ ತಂಡ. ಕೆಂಪು ಸೇನೆಯನ್ನು ಹೇಗಪ್ಪಾ ತಡೆಯೋದು ಅಂತ ಪಶ್ಚಿಮದ ದೇಶಗಳೆಲ್ಲ ಕ್ಷಿಪಣಿ ಎಣಿಸುತ್ತಾ ಕೂತಿದ್ದ ಕಾಲವದು. ಡಬ್ಬಿ ಮಾಂಸ ಸಾಕಾಯಿತು. ಫೈನಲ್: ಸಿಮ್ಮೆಂತಾಲ್ 77, ಸ್ಲಾವಿಯಾ ಪ್ರಾಗ್ 72.

ಆ ತಂಡದಲ್ಲಿ ಆಡಿದವನು ಬಿಲ್ ಬ್ರಾಡ್ಲಿ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದ ಅಮೆರಿಕನ್ ಹುಡುಗ. ಓದು ಇಂಗ್ಲೆಂಡಿನಲ್ಲಿ, ಮ್ಯಾಚ್ ಬಂದಾಗ ವಿಮಾನ ಹತ್ತಿ ಮಿಲಾನಿಗೆ. ಮುಂದೆ ಅವನು ನ್ಯೂಯಾರ್ಕಿನಲ್ಲಿ ಎನ್‌ಬಿಎ ಆಡಿದ, ಹದಿನೆಂಟು ವರ್ಷ ಸೆನೆಟರ್ ಆದ, 2000ದ ಅಧ್ಯಕ್ಷ ಚುನಾವಣೆಗೆ ಡೆಮಾಕ್ರಟಿಕ್ ಟಿಕೆಟ್ ಕೇಳಿ ಅಲ್ ಗೋರ್ ಎದುರು ಸೋತ. ಎಷ್ಟೋ ರಾಜಕಾರಣಿಗಳು ಗೆದ್ದ ಮೇಲೆ ಕಂಪನಿಗಳ ಪರ ಆಡುತ್ತಾರೆ. ಈತ ಮೊದಲೇ ಬಹಿರಂಗವಾಗಿ, ಚಡ್ಡಿ ಹಾಕಿಕೊಂಡು ಆಡಿ ಮುಗಿಸಿದ್ದ. ಪ್ರಾಮಾಣಿಕ ಮನುಷ್ಯ ಅನ್ನಬೇಕು.

ಕೋಚ್ ಚೆಸಾರೆ ರುಬಿನಿಯದು ಇನ್ನೂ ಒಂದು ಕೈ ಮೇಲು. ಈತ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು, ಆದರೆ ವಾಟರ್ ಪೋಲೊದಲ್ಲಿ. ಒಂದು ಕಾಲು ನೀರಿನಲ್ಲಿ, ಇನ್ನೊಂದು ಮರದ ನೆಲದ ಮೇಲೆ. ಎರಡೂ ಆಟದವರು ಅವನನ್ನು ತಂತಮ್ಮ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ನಮ್ಮಲ್ಲಾದರೆ ಎರಡು ಇಲಾಖೆಯವರೂ ‘ಇವರ ಫೈಲು ಆ ಕಡೆ ಬರುತ್ತೆ’ ಅಂತ ಸಾಯುವ ತನಕ ಅಲೆಸಿರೋರು.

1973ಕ್ಕೆ ಡಬ್ಬಿ ಖಾಲಿಯಾಯಿತು, ಇನ್ನೊಚೆಂಟಿ ಬಂತು. ಇನ್ನೊಚೆಂಟಿ ನಮಗೆ ಪರಕೀಯವಲ್ಲ. ನಮ್ಮ ಅಪ್ಪಂದಿರು ಒಂದು ಪಕ್ಕಕ್ಕೆ ವಾಲಿಸಿಕೊಂಡು ಕಿಕ್ ಹೊಡೆಯುತ್ತಿದ್ದ ಲ್ಯಾಂಬ್ರೆಟಾ ಸ್ಕೂಟರಿನ ಮೂಲ ಮನೆ ಅದೇ. ಆ ಯಂತ್ರಗಳನ್ನು ಭಾರತ ಸರ್ಕಾರ ಕೊಂಡು ಲಖನೌಗೆ ತಂದು ವಿಜಯ್ ಸೂಪರ್ ಮಾಡಿತು. ಇತ್ತ ಮಿಲಾನಿಗೆ ಎರಡು ವರ್ಷದಲ್ಲಿ ಇನ್ನೊಚೆಂಟಿ ಬೇಸರವಾಗಿ ಚಿನ್ಜಾನೊ ಆಯಿತು. ಅದು ಮದ್ಯ. ಮದ್ಯದ ಹೆಸರಿಟ್ಟುಕೊಂಡ ಮೊದಲ ಸೀಸನ್ನಿನಲ್ಲೇ, 1976ರಲ್ಲಿ, ತಂಡ ಯುರೋಪಿನ ಕಪ್ ವಿಜೇತರ ಕಪ್ ಗೆದ್ದಿತು. ಅದೇ ಸೀಸನ್ನಿನಲ್ಲಿ ಇಟಲಿಯ ಲೀಗಿನಲ್ಲಿ ತನ್ನ ಚರಿತ್ರೆಯಲ್ಲೇ ಮೊದಲ ಸಲ ಕೆಳದರ್ಜೆಗೆ ಬಿತ್ತು. ಏರಿದ್ದೂ ಇಳಿದದ್ದೂ ಒಂದೇ ಬಾಟಲಿಯಲ್ಲಿ.

ಆಮೇಲೆ ಬಿಲ್ಲಿ. ಕಾಗದದ ಪೊಟ್ಟಣದ ಕಿತ್ತಳೆ ರಸ. 1983ರಲ್ಲಿ ಗ್ರನೋಬಲ್‌ನಲ್ಲಿ ನಡೆದ ಯುರೋಪ್ ಫೈನಲ್ ಬಗ್ಗೆ ಇಟಲಿಯ ಮುದುಕರು ಇವತ್ತಿಗೂ ಜಗಳವಾಡುತ್ತಾರೆ. ಒಂದು ಕಡೆ ಬಿಲ್ಲಿ ಮಿಲಾನ್, ಇನ್ನೊಂದು ಕಡೆ ಮಿಲಾನ್ ಪಕ್ಕದ ಕಾಂತು. ಕಾಂತು ಅಂದರೆ ಬಡಗಿಗಳ ಸಣ್ಣ ಊರು; ಹಿಂದಿನ ವರ್ಷ ಅದು ಸ್ಕ್ವಿಬ್ ಎಂಬ ಔಷಧಿ ಕಂಪನಿಯಾಗಿ ಇದೇ ಕಪ್ ಗೆದ್ದಿತ್ತು. ಈ ವರ್ಷ ಫೋರ್ಡ್. ಕಾರು 69, ಕಿತ್ತಳೆ ರಸ 68. ಗೆದ್ದವರಿಗೆ ಎರಡು ವರ್ಷದಲ್ಲಿ ಎರಡು ಕಿರೀಟ, ಎರಡು ಬೇರೆ ಬೇರೆ ಹೆಸರಿನಲ್ಲಿ. ಅಪ್ಪ ಮಗನಿಗೆ ‘ನಾನು ಚಿಕ್ಕವನಿದ್ದಾಗ ನಮ್ಮೂರು ಗೆದ್ದಿತ್ತು ಕಣೋ’ ಅಂತ ಹೇಳಿದರೆ ಮಗ ದಾಖಲೆ ತೆಗೆದು ನೋಡುತ್ತಾನೆ. ಊರಿಗಿಂತ ಮುಂಚೆ ಔಷಧಿ ಕಂಪನಿ ಇರುತ್ತದೆ.

ದೀನೊ ಮೆನೆಗಿನ್ ಕಥೆಯನ್ನು ಬಿಟ್ಟರೆ ಪಾಪ ಬರುತ್ತದೆ. ಇಟಲಿಯ ಸರ್ವಶ್ರೇಷ್ಠ ಸೆಂಟರ್. ವಾರೆಸೆ ಊರಿಗೆ ಆಡಿದಾಗ ತಂಡದ ಹೆಸರು ಇಗ್ನಿಸ್, ಅಂದರೆ ಫ್ರಿಜ್ಜು. ಅದೇ ವಾರೆಸೆ ಆಮೇಲೆ ಮೊಬಿಲ್‌ಜಿರ್ಜಿ ಆಯಿತು, ಪೀಠೋಪಕರಣ. ಆಮೇಲೆ ಎಮರ್ಸನ್, ಟೀವಿ. ಅಲ್ಲಿಂದ ಮಿಲಾನಿಗೆ ಬಂದ: ಬಿಲ್ಲಿಯ ರಸ, ಸಿಮಾಕ್‌ನ ಐಸ್‌ಕ್ರೀಂ ಯಂತ್ರ, ಟ್ರೇಸರ್, ಫಿಲಿಪ್ಸ್. ಮತ್ತೆ ಟ್ರಿಯೆಸ್ಟೆಗೆ ಹೋಗಿ ಸ್ಟೆಫನೆಲ್, ಬಟ್ಟೆಬರೆ. ಕೊನೆಗೆ ಮಿಲಾನಿಗೇ ಮರಳಿ ರೆಕೊಆರೊ, ಬಾಟಲಿ ನೀರು. 44ನೇ ವಯಸ್ಸಿನಲ್ಲಿ ನಿವೃತ್ತಿ. ಒಂದು ಮದುವೆಗೆ ಬೇಕಾದ ಪಾತ್ರೆಪಗಡ, ಸೀರೆ, ಪಾನಕ, ನೀರು ಎಲ್ಲವನ್ನೂ ಒಬ್ಬನೇ ಮನುಷ್ಯ ಎದೆಯ ಮೇಲೆ ಹೊತ್ತು ತಿರುಗಿದ. ನಡುವೆ ಏಳು ಸಲ ಯುರೋಪ್ ಚಾಂಪಿಯನ್ ಕೂಡ ಆದ ಅನ್ನೋದು ಇಲ್ಲಿ ಉಪಕಥೆ.

1986ರ ಶರತ್ಕಾಲದಲ್ಲಿ ಟ್ರೇಸರ್ ಮಿಲಾನ್ ಗ್ರೀಸಿನ ಥೆಸಲೊನೀಕಿಗೆ ಹೋಗಿ ಆರಿಸ್ ಎದುರು 31 ಅಂಕಗಳಿಂದ ಸೋತು ಬಂತು. ಎರಡು ಪಂದ್ಯದ ಅಂಕ ಕೂಡಿಸಿ ಗೆದ್ದವರು ಮುಂದಕ್ಕೆ ಅನ್ನೋದು ಲೆಕ್ಕ; ಕಥೆ ಮುಗೀತು ಅಂತ ಎಲ್ಲರೂ ಎದ್ದು ಹೋದರು. ಮರುಪಂದ್ಯ ಮಿಲಾನಿನಲ್ಲಿ: 83-49. ಮೂವತ್ತನಾಲ್ಕು ಅಂಕ! ಬಾಬ್ ಮಕಡೂ, ಮೈಕ್ ಡಿ’ಆಂಟೊನಿ, ನಮ್ಮ ಮೆನೆಗಿನ್. ಬೆಂಚಿನಲ್ಲಿ ಕೋಚ್ ಡ್ಯಾನ್ ಪೀಟರ್ಸನ್. ಆ ಸೀಸನ್ನಿನಲ್ಲಿ ಯುರೋಪ್ ಚಾಂಪಿಯನ್ನರ ಕಪ್, ಮರುವರ್ಷ ಮತ್ತೆ ಅದೇ ಕಪ್. ಪೀಟರ್ಸನ್ ಮೊದಲನೆಯ ಕಪ್ ಗೆದ್ದ ಮೇಲೆ ಕೋಚಿಂಗ್ ಬಿಟ್ಟು ಟೀವಿ ಸೇರಿದ. ಲಿಪ್ಟನ್ ಚಹಾದ ಜಾಹೀರಾತಿನಲ್ಲಿ ಅಮೆರಿಕನ್ ರಾಗದ ಇಟಾಲಿಯನ್ ಮಾತಾಡಿ ಮನೆಮಾತಾದ. 2011ರ ಜನವರಿಯಲ್ಲಿ, ಎಪ್ಪತ್ತೈದರ ಹೊಸ್ತಿಲಲ್ಲಿ, ಕ್ಲಬ್ ಅವನನ್ನು ವಾಪಸ್ ಕರೆಯಿತು. ಅವನೂ ಬಂದ. ಬಿಟ್ಟುಹೋದಾಗ ಟ್ರೇಸರ್ ಆಗಿದ್ದದ್ದು ಈಗ ಅರ್ಮಾನಿ ಜೀನ್ಸ್ ಆಗಿತ್ತು.

ನಾವು ನಗುವ ಹಾಗಿಲ್ಲ ಅಂತ ನೀವು ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ವಿಸ್ಕಿಯ ಹೆಸರಿಟ್ಟುಕೊಂಡ ತಂಡಕ್ಕೆ ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಅಂತ ಕೂಗಿದವರು ನಾವು. ಕುಡಿಯದ ಮನೆಗಳಲ್ಲೂ ಆ ವಿಸ್ಕಿಗಾಗಿ ಹರಕೆ ಹೊತ್ತರು. 2024ರಲ್ಲಿ ಬ್ಯಾಂಗಲೂರ್ ಹೋಗಿ ಬೆಂಗಳೂರು ಆಯಿತು ಅಂತ ಕನ್ನಡಿಗರು ಕುಣಿದರು. ಹೆಸರಿನ ಮುಂದಿದ್ದ ಬಾಟಲಿಯನ್ನು ಯಾರೂ ಅಲುಗಾಡಿಸಲಿಲ್ಲ. ಆದರೆ ಇದಕ್ಕೂ ಮುಂಚೆ ಬೆಂಗಳೂರಿನಲ್ಲಿ ಇನ್ನೊಂದು ಕಾಲವಿತ್ತು. ಐಟಿಐ, ಎಚ್‌ಎಎಲ್ ತಂಡಗಳು ಫುಟ್‌ಬಾಲ್ ಆಡುತ್ತಿದ್ದವು. ಬ್ಯಾಸ್ಕೆಟ್‌ಬಾಲ್ ಅಂದರೆ ವಿಜಯಾ ಬ್ಯಾಂಕ್. ಅಲ್ಲೂ ಕಂಪನಿಯ ಹೆಸರೇ, ಆದರೆ ಆಟಗಾರನಿಗೆ ನೌಕರಿ ಇತ್ತು. ಮಂಡಿ ಕೈಕೊಟ್ಟ ಮೇಲೆ ಕೌಂಟರಿನಲ್ಲಿ ಕೂತು ಡಿಡಿ ಬರೆಯಬಹುದಿತ್ತು. 2019ರಲ್ಲಿ ವಿಜಯಾ ಬ್ಯಾಂಕೇ ಬರೋಡಾ ಬ್ಯಾಂಕಿನೊಳಗೆ ಕರಗಿತು, ಆ ಮಾತು ಬೇರೆ.

ಸರಿ, ಮಿಲಾನಿಗೆ ಬರೋಣ. ಇಲ್ಲಿಂದ ಮುಂದೆ ನನಗೆ ನಗು ಬರುವುದಿಲ್ಲ.

1994. ಟ್ರಿಯೆಸ್ಟೆ ಊರಿನ ತಂಡಕ್ಕೆ ಬಟ್ಟೆ ವ್ಯಾಪಾರಿ ಸ್ಟೆಫನೆಲ್ ಧಣಿ. ಕೋಚ್ ಬೊಗ್ದಾನ್ ತಾನ್ಯೆವಿಚ್ ಹುಡುಗರನ್ನು ತಿದ್ದಿ ತೀಡಿ, ದೇಯಾನ್ ಬೊದಿರೋಗ, ಗ್ರೆಗೊರ್ ಫುಚ್ಕ, ನಾಂದೊ ಜೆಂಟಿಲೆ ಇದ್ದ ತಂಡ ಕಟ್ಟಿದ್ದ. ಆ ವರ್ಷ ಅವರು ಯುರೋಪಿನ ಇನ್ನೊಂದು ಟೂರ್ನಿ ಕೊರಾಚ್ ಕಪ್‌ನ ಫೈನಲ್ ತನಕ ಹೋಗಿ ಗ್ರೀಸಿನ ಪಾವೊಕ್‌ಗೆ ಸೋತರು. ಇನ್ನೊಂದು ವರ್ಷ ಬಿಟ್ಟರೆ ಗೆಲ್ಲುವ ತಂಡ. ಆ ಬೇಸಿಗೆಯಲ್ಲಿ ಧಣಿಗೆ ಅನಿಸಿತು, ಬಟ್ಟೆ ಮಾರಲು ಮಿಲಾನ್ ವಾಸಿ. ಹೋದರು. ಹೆಸರು, ದುಡ್ಡು, ಕೋಚ್, ಬೊದಿರೋಗ, ಫುಚ್ಕ, ಜೆಂಟಿಲೆ ಎಲ್ಲ ಮಿಲಾನಿಗೆ. ಎರಡು ವರ್ಷದಲ್ಲಿ, 1996ರಲ್ಲಿ, ಸ್ಟೆಫನೆಲ್ ಮಿಲಾನ್ ಇಟಲಿಯ ಲೀಗನ್ನೂ ಕಪ್ಪನ್ನೂ ಒಟ್ಟಿಗೆ ಗೆದ್ದಿತು. ಮಿಲಾನಿನ ಚರಿತ್ರೆಯಲ್ಲಿ ಇದನ್ನು ಹೆಮ್ಮೆಯ ಅಧ್ಯಾಯ ಅಂತ ಬರೆದಿದ್ದಾರೆ. ಟ್ರಿಯೆಸ್ಟೆಗೆ ಉಳಿದದ್ದು ಖಾಲಿ ಬೆಂಚು, ಜೊತೆಗೆ ಇಲ್ಲಿಕಾಫೆ ಅನ್ನುವ ಕಾಫಿ ಕಂಪನಿಯ ಹೊಸ ಹೆಸರು. ಹತ್ತು ವರ್ಷಕ್ಕೆ ಕ್ಲಬ್ ದಿವಾಳಿ. ಇದು ಕಳ್ಳತನ ಅಲ್ಲವಂತೆ. ಕಾಗದಪತ್ರ ಎಲ್ಲ ಸರಿ ಇತ್ತಂತೆ. ಒಂದು ಊರಿನ ಹುಡುಗರು ಗೋಡೆಗೆ ಅಂಟಿಸಿಕೊಂಡಿದ್ದ ಚಿತ್ರಗಳ ತಂಡವನ್ನು ಲಾರಿಗೆ ತುಂಬಿಕೊಂಡು ಹೋಗುವುದು ಯಾವ ಕಾನೂನಿನಲ್ಲೂ ಅಪರಾಧ ಅಲ್ಲ. ಇದನ್ನು ಬರೆದು ಬರೆದು ಇಟಲಿಯವರಿಗೂ ಸಾಕಾಗಿದೆ.

ಸ್ಟೆಫನೆಲ್ ಮಿಲಾನಿನಲ್ಲೂ ನಿಲ್ಲಲಿಲ್ಲ. 1998ಕ್ಕೆ ಅವರೂ ಎದ್ದುಹೋದರು. ಬಂದದ್ದು ಸೋನಿ, ಆಮೇಲೆ ದಿನಗೂಲಿಗೆ ಜನ ಒದಗಿಸುವ ಅಡೆಕ್ಕೊ. ತಾತ್ಕಾಲಿಕ ನೌಕರಿಯ ಕಂಪನಿ ಹೆಸರಿಟ್ಟುಕೊಂಡ ತಂಡ ತಾತ್ಕಾಲಿಕವಾಗಿಯೇ ಆಡಿತು. ಮುಂದಿನ ಲೀಗ್ ಕಿರೀಟ 2014ರಲ್ಲಿ, ಅಂದರೆ ಸರಿಯಾಗಿ ಹದಿನೆಂಟು ವರ್ಷಕ್ಕೆ. ಹದಿನೆಂಟು ವರ್ಷದ ದುಃಖ ಏನು ಅಂತ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಆ ಫೈನಲ್‌ನಲ್ಲಿ ಎದುರಾಳಿ ಸಿಯೆನಾ ಊರಿನ ಮೊಂಟೆಪಾಸ್ಕಿ. 1472ರಲ್ಲಿ ಶುರುವಾದ ಬ್ಯಾಂಕಿನ ಹೆಸರು. ಬ್ಯಾಂಕ್ ಮುಗ್ಗರಿಸಿತು, ಅದರ ದುಡ್ಡಿನಲ್ಲಿ ಬದುಕಿದ್ದ ಕ್ಲಬ್ ಆ ವರ್ಷವೇ ದಿವಾಳಿಯಾಯಿತು.

ಬಟ್ಟೆ ವಿನ್ಯಾಸಕ ಜೋರ್ಜೊ ಅರ್ಮಾನಿಗೆ ಒಂದು ಮಾತು ಸಲ್ಲಬೇಕು. 2004ರಲ್ಲಿ ಪ್ರಾಯೋಜಕನಾಗಿ ಬಂದು, 2008ರಲ್ಲಿ ಕ್ಲಬ್ಬನ್ನೇ ಕೊಂಡು, 2025ರ ಸೆಪ್ಟೆಂಬರಿನಲ್ಲಿ ಸಾಯುವ ತನಕ ಬಿಡಲಿಲ್ಲ. ತಂಡದ ಹೆಸರಿನಲ್ಲಿ ಅರ್ಮಾನಿ ಜೀನ್ಸ್ ಹೋಗಿ ಎಂಪೋರಿಯೊ ಅರ್ಮಾನಿ ಬಂತು ಅನ್ನೋದು ನಿಜ. ಆದರೂ ಮುದುಕ ಅಂಕಣದ ಪಕ್ಕ ಕೂತು ಮ್ಯಾಚ್ ನೋಡುತ್ತಿದ್ದ. ಇಂಥ ಸೇಠುಗಳು ಎಷ್ಟು ಜನ? ಯುರೋಪಿನ ಅತಿ ದೊಡ್ಡ ಕ್ಲಬ್ ಲೀಗ್ ಯುರೋಲೀಗಿನ ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕು ತಂಡಗಳ ಹಣಾಹಣಿ, 2025ರಲ್ಲಿ ನಡೆದದ್ದು ಅಬುಧಾಬಿಯಲ್ಲಿ. 2025-26ರ ಯುರೋಲೀಗಿನಲ್ಲಿ ದುಬೈ ಕೂಡ ಒಂದು ತಂಡ. ಭೂಗೋಳದ ಮೇಷ್ಟ್ರುಗಳು ರಾಜೀನಾಮೆ ಕೊಡಬಹುದು.

ಕಟ್ಟಡದ ವಿಷಯ ಮರೆತೆ. ಮಿಲಾನಿನ ಸಾನ್ ಸಿರೊ ಒಳಾಂಗಣದ ಚಾವಣಿ 1985ರ ಜನವರಿಯ ಹಿಮಕ್ಕೆ ಜಖಂ ಆಯಿತು. ಬದಲಿಗೆ ಬಂದದ್ದು ಪಾಲಾತ್ರುಸ್ಸಾರ್ದಿ, ಒಬ್ಬ ಬಟ್ಟೆ ವಿನ್ಯಾಸಕನ ಹೆಸರಲ್ಲಿ. ಅದೇ ಮುಂದೆ ಒಂದು ಕಂಪ್ಯೂಟರ್ ಅಂಗಡಿಯ ಹೆಸರಾಯಿತು, ಆಮೇಲೆ ಮಾಜ್ದಾ, ಆಮೇಲೆ ಶಾರ್ಪ್. ತಂಡ ಅಷ್ಟರಲ್ಲಿ ಮಿಲಾನ್ ಪಕ್ಕದ ಅಸಾಗೊದ ಫೋರಂ ಎಂಬ ಒಳಾಂಗಣಕ್ಕೆ ಹೋಗಿತ್ತು. ಆ ಫೋರಂ ಒಂದು ಕಾಲಕ್ಕೆ ಫಿಲಾ ಶೂಗಳದು, ಆಮೇಲೆ ಇನ್ನೊಂದು ಬಟ್ಟೆ ಕಂಪನಿಯದು, ಆಮೇಲೆ ಮೆಡಿಯೊಲಾನುಂ ಬ್ಯಾಂಕಿನದು, ಈಗ ಯೂನಿಪೋಲ್ ವಿಮಾ ಕಂಪನಿಯದು. 2026ರ ಚಳಿಗಾಲದ ಒಲಿಂಪಿಕ್ಸ್‌ಗೆ ಫಿಗರ್ ಸ್ಕೇಟಿಂಗ್ ನಡೆಸಲು ಇದೇ ಕಟ್ಟಡವನ್ನು ಆರಿಸಿದರು. ಕ್ರೀಡಾಂಗಣದ ಮೇಲೆ ಯಾವ ಕಂಪನಿಯ ಹೆಸರೂ ಕಾಣಬಾರದು ಅನ್ನೋದು ಒಲಿಂಪಿಕ್ಸ್‌ನವರ ಮಡಿ. ಹಾಗಾಗಿ ಫೋರಂಗೆ ಅವರು ಇಟ್ಟ ಹೆಸರು ‘ಮಿಲಾನೊ ಐಸ್ ಸ್ಕೇಟಿಂಗ್ ಅರೀನಾ’. ಮಿಲಾನಿನಲ್ಲಿರುವ, ಐಸ್ ಮೇಲೆ ಜಾರುವ ಜಾಗ ಅಂತ ಅರ್ಥವಾಗುವ ಆ ಹೆಸರಿಗೆ ಯಾರೂ ಒಂದು ಕಾಸೂ ಕೊಟ್ಟಿರಲಿಲ್ಲ. ಹಾಗಾಗಿ ಅದು ಒಲಿಂಪಿಕ್ಸ್ ಮುಗಿಯುವ ತನಕ ಮಾತ್ರ.