ಆನೆಗೊಂದು ಬಿಜಿಎಂ

ಕಾಡಾನೆ ನಡೆದರೆ ಸದ್ದಾಗುವುದಿಲ್ಲ. ಅಷ್ಟು ದೊಡ್ಡ ಪ್ರಾಣಿ ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲ ಎಂದು ಕಾಡಂಚಿನವರು ಹೇಳುತ್ತಾರೆ. ಇಷ್ಟು ವರ್ಷ ನಾವಿದನ್ನು ಆನೆಯ ಗುಣ ಎಂದುಕೊಂಡಿದ್ದೆವು. ಈಗ ನೋಡಿದರೆ ಅದು ದೊಡ್ಡ ಕೊರತೆಯಂತೆ. ನಮ್ಮ ಹುಡುಗರು ತಮ್ಮ ರೀಲ್‌ಗಳಲ್ಲಿ ಅದನ್ನು ಸರಿಪಡಿಸಿದ್ದಾರೆ. ಆನೆ ರಸ್ತೆ ದಾಟಿದರೆ ಢಂ ಢಂ ಎಂದು ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ. ಕಿವಿ ಬೀಸಿದರೆ ಸ್ಲೋ ಮೋಷನ್. ಸೊಂಡಿಲು ಎತ್ತಿದರೆ ಹೀರೊ ಎಂಟ್ರಿ. ಕೊನೆಯ ಎರಡು ಸೆಕೆಂಡಿಗೆ ‘ಸೇವ್ ವೈಲ್ಡ್‌ಲೈಫ್’ ಎಂಬ ಹ್ಯಾಷ್‌ಟ್ಯಾಗ್. ಅಲ್ಲಿಗೆ ಒಂದು ಆನೆ ಉಳಿಯಿತು. ಬೆರಳಿಂದ ಮೇಲಕ್ಕೆ ತಳ್ಳಿದರೆ ಮುಂದಿನ ಆನೆ.

ಸಿನಿಮಾ ಅಭಿಮಾನಿಗಳ ಕಷ್ಟ ನನಗೆ ಅರ್ಥವಾಗುತ್ತದೆ. ನಟರು ಎರಡು ವರ್ಷಕ್ಕೊಂದು ಸಿನಿಮಾ ಕೊಡುತ್ತಾರೆ. ಅದೂ ಹತ್ತು ಸಲ ಮುಂದಕ್ಕೆ ಹೋಗುತ್ತದೆ. ಕಬಿನಿಯಲ್ಲಿ ಹಾಗಲ್ಲ. ಬೆಳಿಗ್ಗೆ ಒಂದು ಸಫಾರಿ, ಸಂಜೆ ಒಂದು ಸಫಾರಿ, ದಿನಾ ಎರಡು ಶೋ. ಹೀಗಾಗಿ ಅಭಿಮಾನಿ ಸಂಘಗಳು ನಿಧಾನಕ್ಕೆ ಕಾಡಿನ ಕಡೆ ಹೊರಟಿವೆ. ಹುಲಿಗೆ ಫ್ಯಾನ್ ಪೇಜ್, ಕರಿಚಿರತೆಗೆ ಫ್ಯಾನ್ ಪೇಜ್. ಉದ್ದ ದಂತದ ಭೋಗೇಶ್ವರ 2022ರ ಜೂನ್‌ನಲ್ಲಿ ತೀರಿಕೊಂಡಾಗ ‘ಲೆಜೆಂಡ್’ ಎಂದು ಬರೆದವರಿಗೆ ಲೆಕ್ಕವಿಲ್ಲ. ಅವನಿಗೆ ‘ಮಿಸ್ಟರ್ ಕಬಿನಿ’ ಎಂಬ ಬಿರುದೂ ಇತ್ತು. ಬಿರುದಿಲ್ಲದ ಆನೆಯನ್ನು ನಮ್ಮವರು ಆನೆ ಎಂದೇ ಒಪ್ಪುವುದಿಲ್ಲ.

ಫ್ಯಾನ್ಸ್ ಎಂದ ಮೇಲೆ ಫ್ಯಾನ್ಸ್ ಜಗಳವೂ ಇರಬೇಕಲ್ವಾ? ಮೈಸೂರು ದಸರೆಯಲ್ಲಿ ಅರ್ಜುನ ಎಂಬ ಆನೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ. 2020ರಿಂದ ಆ ಕೆಲಸ ಅಭಿಮನ್ಯುವಿಗೆ ಬಂತು. ಕೋವಿಡ್ ಕಾಲದ ಎರಡು ದಸರೆಗಳಲ್ಲಿ ಮೆರವಣಿಗೆ ಅರಮನೆ ಆವರಣ ದಾಟಲಿಲ್ಲ. ಹಾಗಾದರೆ ಅಭಿಮನ್ಯುವಿನ ಲೆಕ್ಕದಲ್ಲಿ ಅದನ್ನು ಹಿಡಿಯಬೇಕೋ, ಬಿಡಬೇಕೋ? ಇಂಥ ಗಹನ ವಿಷಯದ ಮೇಲೆ ಅಪ್ಪ ಅಮ್ಮನವರೆಗೆ ಹೋಗಿ ಬೈದಾಡಿಕೊಳ್ಳಬಹುದು. 750 ಕೆಜಿ ಅಂಬಾರಿ ಬೆನ್ನ ಮೇಲೆ ಹೊತ್ತವನಿಗೆ ಮಾತ್ರ ತನಗೊಂದು ಬಣ ಇದೆ ಎಂದೇ ಗೊತ್ತಿಲ್ಲ. ಅವನ ಗಮನ ಮಾವುತ ಕೊಡುವ ಬೆಲ್ಲ, ತೆಂಗಿನಕಾಯಿ ಮೇಲೆ.

ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ಕಡೆ ಕಾಡಾನೆ ಕಾರ್ಯಾಚರಣೆಯಲ್ಲಿ ಸತ್ತ. ಸಲಗವೊಂದು ಅವನ ಮೇಲೆ ಬಿದ್ದಿತ್ತು. ರಾಜ್ಯ ಅತ್ತಿತು. ಅಳಬೇಕಾದ್ದೇ. ಸ್ಮಾರಕ ಎಲ್ಲಿ, ಎಷ್ಟು ಎತ್ತರ ಎಂದು ವಾರಗಟ್ಟಲೆ ಚರ್ಚೆಯಾಯಿತು. ಆದರೆ ಅರವತ್ತು ದಾಟಿದ ಆನೆ, ವಯಸ್ಸಾಯಿತೆಂದು ಅಂಬಾರಿಯಿಂದ ಇಳಿಸಿದ ಆನೆ, ಸಲಗದ ಎದುರಿಗೆ ಯಾಕೆ ಹೋಗಬೇಕಾಯಿತು? ಆ ಸಲಗಕ್ಕಾದರೂ ಕಾಫಿ ತೋಟದ ಕಡೆ ಏನು ಕೆಲಸ? ಅದರ ಕಾಡು ಯಾವಾಗ ತುಂಡು ತುಂಡಾಯಿತು, ಯಾರು ಮಾಡಿದರು? ಇದನ್ನು ಹೇಳಲು ಹೊರಟರೆ ವಿಡಿಯೊ ತೊಂಬತ್ತು ಸೆಕೆಂಡ್ ದಾಟುತ್ತದೆ. ಸ್ಮಾರಕವಾದರೆ ಒಂದೇ ಫ್ರೇಮಿನಲ್ಲಿ ಬರುತ್ತದೆ.

ಇನ್ನು ಫ್ಯಾನ್ ಪೇಜ್ ಇಲ್ಲದವರ ವಿಷಯ. 2025ರ ಜೂನ್ 26ರಂದು ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹಸು ಹೊಡೆದಿದ್ದ ಹುಲಿ ತಿನ್ನಲು ವಾಪಸ್ ಬರುತ್ತದೆಂದು ಆ ಹಸುವಿನ ಮೈಗೆ ವಿಷ ಹಾಕಿದ್ದರು. ಒಂದೇ ದಿನ ಐದು ಹುಲಿ. ಈ ಐದಕ್ಕೂ ಬಿರುದಿರಲಿಲ್ಲ, ಹೈ ರೆಸಲ್ಯೂಶನ್ ಫೋಟೊ ಇರಲಿಲ್ಲ. ಆ ಕಡೆ ಜೀಪ್ ಸಾಲು, ಉದ್ದ ಲೆನ್ಸು ಇಲ್ಲ. ಹಾಗಾಗಿ ಪೇಜಿನವರು ಬೇರೆ ಕಾಡಿನ, ಆರೋಗ್ಯವಾಗಿರುವ, ಕ್ಯಾಮೆರಾ ನೋಡಿ ಆಕಳಿಸುವ ಹುಲಿಯ ಫೋಟೊ ಹಾಕಿ ‘ಜಸ್ಟಿಸ್’ ಕೇಳಿದರು. ಒಂದು ವಾರ ಜಸ್ಟಿಸ್ ಟ್ರೆಂಡ್ ಆಯಿತು. ಆಮೇಲೆ ಕಬಿನಿಯಲ್ಲಿ ಯಾವುದೋ ಹುಲಿ ಮರಿಗಳ ಜೊತೆ ನೀರಿಗಿಳಿಯಿತು. ಜಸ್ಟಿಸ್ ಕೆಳಕ್ಕೆ ಹೋಯಿತು.

ಅದೇ ಹೊತ್ತಿಗೆ ಇನ್ನೊಂದು ಸುದ್ದಿ ಬಂದಿತ್ತು. ಅದೇ ಕಾಡು ಕಾಯುವ ಹೊರಗುತ್ತಿಗೆ ವಾಚರ್‌ಗಳಿಗೆ ತಿಂಗಳುಗಟ್ಟಲೆ ಸಂಬಳವೇ ಆಗಿರಲಿಲ್ಲ. ಹುಲಿಗಳು ಸಾಯುವ ಮೊದಲೇ ಅವರು ಪ್ರತಿಭಟನೆಯನ್ನೂ ಮಾಡಿದ್ದರು. ಈ ವಾಚರ್ ಎಂಬ ಪ್ರಾಣಿಯ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಸಫಾರಿಯಲ್ಲಿ ಇದು ಕಾಣುವುದಿಲ್ಲ. ಕಳ್ಳಬೇಟೆ ತಡೆ ಶಿಬಿರ ಎಂಬ ಸಣ್ಣ ಗೂಡಿನಲ್ಲಿ ಇರುತ್ತದೆ. ತಾನೇ ಅನ್ನ ಬೇಯಿಸಿಕೊಳ್ಳುತ್ತದೆ. ಒಂದು ಕೋಲು, ಒಂದು ಟಾರ್ಚು ಹಿಡಿದು ದಿನಾ ಮೈಲಿಗಟ್ಟಲೆ ನಡೆಯುತ್ತದೆ. ಬೇಸಿಗೆಯಲ್ಲಿ ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುತ್ತದೆ. ಯಾವ ಕೋನದಿಂದ ತೆಗೆದರೂ ಫೋಟೊ ಚೆನ್ನಾಗಿ ಬರುವುದಿಲ್ಲ. ಕಂತ್ರಾಟುದಾರನ ಮೂಲಕ ಸಂಬಳ ಬರುತ್ತದೆ, ಅಂದರೆ ಬರಬೇಕು. ‘ವಾಚರ್ ಬಾಸ್’ ಎಂದು ಯಾರೂ ಪೇಜ್ ಮಾಡಿದ್ದನ್ನು ನಾನು ನೋಡಿಲ್ಲ. ಸ್ಲೋ ಮೋಷನ್ ಬೇಕಿದ್ದರೆ ಅವನ ಸಂಬಳದ ಫೈಲಿದೆ, ಎಡಿಟ್ ಮಾಡುವುದೇ ಬೇಡ.

ಕಮೆಂಟುಗಳ ಲೋಕ ಬೇರೆಯೇ. 2025ರ ಅಕ್ಟೋಬರ್–ನವೆಂಬರ್‌ನಲ್ಲಿ ಸರಗೂರು ಭಾಗದಲ್ಲಿ ಹುಲಿ ದಾಳಿಗೆ ರೈತರು ಸತ್ತರು. ಊರಿನವರು ಸಿಟ್ಟಾದರು. ಬಂಡೀಪುರ, ನಾಗರಹೊಳೆಯ ಸಫಾರಿ ನಿಂತಿತು. ಆಗ ಬೆಂಗಳೂರಿನ ಹತ್ತನೇ ಮಹಡಿಯಿಂದ ‘ಕಾಡು ಪ್ರಾಣಿಗಳದ್ದು, ಇವರು ಯಾಕೆ ಹೋಗಿದ್ದರು?’ ಎಂದು ಪಾಠ ಶುರುವಾಯಿತು. ಇವರು ತಮ್ಮ ಹೊಲಕ್ಕೆ ಹೋಗಿದ್ದರು ಸ್ವಾಮಿ. ಪ್ರಾಣಿಗಳದ್ದೇ ಆದ ಕಾಡಿಗೆ ಆನ್‌ಲೈನಲ್ಲಿ ಸೀಟ್ ಬುಕ್ ಮಾಡಿಕೊಂಡು ಹೋಗುವವರು ನೀವು.

ಈ ಇಡೀ ವ್ಯವಹಾರದ ಶಿಖರ ಮಾತ್ರ ಬಂಡೀಪುರದ ಕೆಕ್ಕನಹಳ್ಳ. 2025ರ ಆಗಸ್ಟ್‌ನಲ್ಲಿ ಒಬ್ಬರು ಅಲ್ಲಿ ಆನೆಯ ಹತ್ತಿರ ಹೋದರು, ಮೊಬೈಲ್ ಹಿಡಿದು. ಆನೆ ಅಟ್ಟಿಸಿಕೊಂಡು ಬಂತು. ಅವರು ಬಿದ್ದರು. ಆನೆ ತುಳಿಯಲು ನೋಡಿತು, ಪ್ಯಾಂಟ್ ಹೋಯಿತು, ಜೀವ ಉಳಿಯಿತು. ರಸ್ತೆಯಲ್ಲಿದ್ದ ಬೇರೆಯವರು ಏನು ಮಾಡಿದರು? ವಿಡಿಯೊ ಮಾಡಿದರು. ಅದು ದೇಶವೆಲ್ಲ ಓಡಿತು. ಅರಣ್ಯ ಇಲಾಖೆ ಆ ಪುಣ್ಯಾತ್ಮನನ್ನು ಹುಡುಕಿ 25,000 ರೂಪಾಯಿ ದಂಡ ಹಾಕಿತು. ಒಳ್ಳೆಯದೇ. ಅದರ ಜೊತೆಗೆ, ನಾನು ಮಾಡಿದ್ದು ತಪ್ಪು, ನೀವ್ಯಾರೂ ಹೀಗೆ ಮಾಡಬೇಡಿ ಎಂದು ಅವರಿಂದ ಹೇಳಿಸಿತು. ಹೇಗೆ? ವಿಡಿಯೊದಲ್ಲಿ. ತಪ್ಪೂ ವಿಡಿಯೊ, ಸಾಕ್ಷಿಯೂ ವಿಡಿಯೊ, ಪ್ರಾಯಶ್ಚಿತ್ತವೂ ವಿಡಿಯೊ. ನಡುವೆ ಒಂದು ಆನೆ ಸುಮ್ನೆ ಏನೋ ತಿನ್ನಲು ಬಂದಿತ್ತು ಎಂಬುದು ಎಲ್ಲರಿಗೂ ಮರೆತೇಹೋಯಿತು.

ಅದೇ ರಸ್ತೆಯಲ್ಲಿ ವಿಡಿಯೊಗೆ ಸಿಗದ ಒಂದು ಕೆಲಸ ನಡೆಯುತ್ತದೆ. ರಾತ್ರಿ 9ಕ್ಕೆ ಗೇಟ್ ಹಾಕುತ್ತಾರೆ, ಬೆಳಿಗ್ಗೆ 6ಕ್ಕೆ ತೆಗೆಯುತ್ತಾರೆ. 2009ರಿಂದ ಹೀಗಿದೆ. ಆ ಒಂಬತ್ತು ಗಂಟೆ ತುರ್ತು ವಾಹನ ಮತ್ತು ಬೆರಳೆಣಿಕೆಯ ಬಸ್ಸು ಬಿಟ್ಟರೆ ಏನೂ ಓಡುವುದಿಲ್ಲ. ಜಿಂಕೆ, ಕಾಟಿ, ಆನೆ ಹೆಡ್‌ಲೈಟ್ ಇಲ್ಲದೆ ರಸ್ತೆ ದಾಟುತ್ತವೆ. ಕತ್ತಲಲ್ಲಿ ಏನೂ ಆಗದೆ ಇರುವುದನ್ನು ರೀಲ್ ಮಾಡುವುದು ಹೇಗೆ? ಅದಕ್ಕೇ ರಾತ್ರಿ ಆ ಗೇಟ್ ಹಾಕುವುದೇ ಬೇಡ ಎಂದು ಆಗಾಗ ಮಾತೆದ್ದಾಗ ‘ಆನೆ ಬಾಸ್’ ಬಳಗದಲ್ಲಿ ದೊಡ್ಡ ಕಳವಳ ಕಾಣುವುದಿಲ್ಲ. ರಾತ್ರಿಯೂ ಬಿಟ್ಟರೆ ನೈಟ್ ಮೋಡ್‌ನಲ್ಲಿ ತೆಗೆಯಬಹುದಲ್ಲ ಎಂದು ಯಾರೋ ಒಳಗೊಳಗೇ ಖುಷಿಪಡುತ್ತಿರಬೇಕು.

ವಿಡಿಯೊ ಎಂದರೆ ನನಗೆ ದ್ವೇಷವಿಲ್ಲ. ಕಾಡಿನ ಅತಿ ಉಪಯುಕ್ತ ಕ್ಯಾಮೆರಾ ಮರಕ್ಕೆ ಕಟ್ಟಿರುತ್ತದೆ. 1990ರ ದಶಕದ ಆರಂಭದಲ್ಲಿ ಹುಲಿ ತಜ್ಞ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು, ಪಟ್ಟೆ ನೋಡಿ ಒಂದೊಂದು ಹುಲಿಯನ್ನು ಗುರುತಿಸತೊಡಗಿದರು. ಕರ್ನಾಟಕದಲ್ಲಿ 563 ಹುಲಿ ಇವೆ ಎಂದು 2022ರ ಗಣತಿ ಹೇಳಿದ್ದರ ಹಿಂದೆ ಇರುವುದೂ ಇಂಥ ಕ್ಯಾಮೆರಾಗಳೇ. ಆ ಫೋಟೊದಲ್ಲಿ ಹುಲಿಯ ತಲೆ ಅರ್ಧ ಇರುತ್ತದೆ, ಬಾಲ ಇರುವುದಿಲ್ಲ. ಫಾಲೋವರ್ಸ್ ಸೊನ್ನೆ.

2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಮೊಬೈಲಿನಲ್ಲಿ ಸುದ್ದಿ ನೋಡಿಯೇ ಎಷ್ಟೋ ಹುಡುಗರು ಬೆಂಕಿ ನಂದಿಸಲು ಹೊರಟು ಬಂದರು. ಅವರಿಗೆ ಕೈ ಮುಗಿಯಬೇಕು. ಅವರು ಅತ್ತ ಬೆಂಕಿ ಬಡಿಯುತ್ತಿದ್ದರೆ ಇತ್ತ ಯಾವುದೋ ದೇಶದ ಸುಟ್ಟ ಪ್ರಾಣಿಗಳ ಫೋಟೊಗಳು ಬಂಡೀಪುರದ ಹೆಸರಲ್ಲಿ ಓಡಾಡಿದವು. ಆಗ ಸುಳ್ಳು ಹಬ್ಬಿಸಲು ಕನಿಷ್ಠ ಒಂದು ಸುಟ್ಟ ಪ್ರಾಣಿಯಾದರೂ ಎಲ್ಲೋ ಬೇಕಿತ್ತು. ಈಗ ಅದೂ ಬೇಡ. ಮಧ್ಯಪ್ರದೇಶದ ಪೆಂಚ್‌ನಲ್ಲಿ ಕುಡುಕನೊಬ್ಬ ಹುಲಿಯ ತಲೆ ಸವರಿ ಬಾಟಲಿ ಕೊಟ್ಟ ವಿಡಿಯೊ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂತು. ಎಐ ಮಾಡಿದ ಹುಲಿ, ಎಐ ಮಾಡಿದ ಕುಡುಕ. ಅದು ಸುಳ್ಳು ಎಂದರೆ ನಮ್ಮ ಚಿಕ್ಕಪ್ಪ ‘ಇರಲಿ ಬಿಡೋ, ಹುಲಿ ಎಷ್ಟು ಸಾಧು ನೋಡು’ ಎಂದರು.

ಇಂಥದೊಂದು ಪೇಜ್ ನಡೆಸುವ ಹುಡುಗ ನಮ್ಮ ಬೀದಿಯಲ್ಲೇ ಇದ್ದಾನೆ. ಒಳ್ಳೆಯ ಹುಡುಗ. ಹುಲಿ ಕಂಡರೆ ನಿಜವಾಗಿ ಪ್ರೀತಿ. ಅವನಿಗೆ ಒಮ್ಮೆ ಹೇಳಿದೆ: “ಲಂಟಾನದ ಮೇಲೆ ಒಂದು ವಿಡಿಯೊ ಮಾಡಪ್ಪಾ.”

“ಯಾವ ಪ್ರಾಣಿ ಸಾರ್ ಅದು?”

“ಪ್ರಾಣಿ ಅಲ್ಲ, ಗಿಡ. ಹೂವು ಚೆನ್ನಾಗಿದೆ ಅಂತ ಬ್ರಿಟಿಷರ ಕಾಲದಲ್ಲಿ ತಂದಿದ್ದು. ಬಂಡೀಪುರದಲ್ಲಿ ಎಲ್ಲಿ ನೋಡಿದರೂ ಅದೇ. ಅದರ ಕೆಳಗೆ ಹುಲ್ಲು ಬೆಳೆಯೋದಿಲ್ಲ. ಹುಲ್ಲಿಲ್ಲ ಅಂದರೆ ಜಿಂಕೆಗೆ ಮೇವಿಲ್ಲ. ಜಿಂಕೆ ಇಲ್ಲ ಅಂದರೆ ನಿನ್ನ ಹುಲಿ ಊರಿನ ಹಸು ಹುಡುಕಿಕೊಂಡು ಹೋಗುತ್ತೆ. ಹಸು ಹೊಡೆದರೆ ವಿಷ. ಬೇಸಿಗೆಯಲ್ಲಿ ಬೆಂಕಿಗೂ ಅದೇ ಸೌದೆ. ಬೇರು ಸಮೇತ ಕೀಳಬೇಕು, ಮತ್ತೆ ಬಂದರೆ ಮತ್ತೆ ಕೀಳಬೇಕು, ವರ್ಷಗಟ್ಟಲೆ. ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರ ಕಡ್ಡಿಯಲ್ಲಿ ಕುರ್ಚಿ, ಬುಟ್ಟಿ ಮಾಡುತ್ತಾರೆ, ಅದನ್ನೂ ತೋರಿಸಬಹುದು.”

ಹುಡುಗ ತುಂಬ ಗಂಭೀರವಾಗಿ ಕೇಳಿಸಿಕೊಂಡ. ಮೊಬೈಲಿನಲ್ಲಿ ಏನೋ ಬರೆದುಕೊಂಡ. ನನಗೂ ಸ್ವಲ್ಪ ಹೆಮ್ಮೆ ಆಯಿತು. ಎರಡು ದಿನ ಬಿಟ್ಟು ಬಂದ.

“ಸಾರ್, ನಿಮ್ಮ ಐಡಿಯಾ ಸೂಪರ್. ಸ್ಕ್ರಿಪ್ಟ್ ರೆಡಿ ಮಾಡಿದ್ದೀನಿ. ಆದರೆ ಬರೀ ಗಿಡ ತೋರಿಸಿದರೆ ಮೂರು ಸೆಕೆಂಡಿಗೆ ಸ್ಕ್ರೋಲ್ ಮಾಡಿಬಿಡ್ತಾರೆ. ಪೊದೆ ಹಿಂದೆ ಎಐನಲ್ಲಿ ಒಂದು ಹುಲಿ ಕೂರಿಸಿಬಿಡಲಾ?”