‘ಇತರೆ’ ಗುಂಪಿನಲ್ಲಿ ಚಿಕ್ಕತ್ತೆ

ಮೈಸೂರು ಸೀಮೆಯವರ ಹೆಸರಿನಲ್ಲಿ ಮೊದಲು ಊರು ಬರುತ್ತದೆ, ಆಮೇಲೆ ಅಪ್ಪ, ಕೊನೆಗೆ ಜಾಗ ಉಳಿದಿದ್ದರೆ ಆ ಮನುಷ್ಯ. ಮಿಂಚಂಚೆಯ ವಿಳಾಸ ಪುಸ್ತಕಗಳಿಗೆ ಈ ಏರ್ಪಾಡು ಗೊತ್ತಿಲ್ಲ. ಮೊದಲ ಹೆಸರಿಗೊಂದು, ಕೊನೆಯ ಹೆಸರಿಗೊಂದು ಚೌಕ ಇಟ್ಟುಕೊಂಡು ಕಾಯುತ್ತವೆ. ನಮ್ಮ ಮಾವನವರು ಇನಿಷಿಯಲ್‌ಗಳನ್ನು ಮೊದಲ ಚೌಕಕ್ಕೂ ಹೆಸರನ್ನು ಎರಡನೆಯದಕ್ಕೂ ತುಂಬಿದರು. ಅರ್ಧ ಬಳಗ ‘ಎಂ’ ಅಕ್ಷರದ ಕೆಳಗೆ ಗುಂಪುಗೂಡಿತು: ಮೈಸೂರು, ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ. ಇನ್ನರ್ಧ ‘ಕೆ’ಗೆ ಹೋಯಿತು: ಕೃಷ್ಣರಾಜನಗರ, ಕೃಷ್ಣರಾಜಪೇಟೆ, ಕೊಳ್ಳೇಗಾಲ, ಕಿಕ್ಕೇರಿ. ಬೇಡವೆಂದು ಕೊನೆಯ ಹೆಸರಿನಂತೆ ಜೋಡಿಸಿದರೆ ವಿಮೆಯ ನಾಗರಾಜ, ಗೀಸರ್ ರಿಪೇರಿಯ ನಾಗರಾಜ, ಹಾಸ್ಟೆಲಿನಲ್ಲಿ ಜೊತೆಗಿದ್ದ ನಾಗರಾಜ ಎಲ್ಲರೂ ಒಂದೇ ಮನೆತನದವರಾಗಿ ಸಾಲಾಗಿ ನಿಂತರು.

ಗುಂಪುಗಳನ್ನಾಗಿ ಮಾಡಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿಕೊಟ್ಟರು. ಮಾವನವರು ಸರ್ಕಾರಿ ಕಚೇರಿಯೊಂದರಲ್ಲಿ ಕಡತಗಳ ನಡುವೆಯೇ ಕೂದಲು ಬೆಳ್ಳಗಾಗಿಸಿಕೊಂಡವರು. ವಿಂಗಡಣೆಯೆಂದರೆ ಹಬ್ಬ. ಜಿಮೇಲ್ 2004ರ ಏಪ್ರಿಲ್ 1ರಂದು ಶುರುವಾಯಿತೆಂದು ಮೊಮ್ಮಗನ ಬಾಯಿಂದ ಕೇಳಿದಾಗಿನಿಂದ ಅದರ ಮೇಲೆ ಅವರಿಗೆ ಪೂರ್ತಿ ನಂಬಿಕೆಯಿಲ್ಲ. ಆದ್ದರಿಂದ ಮೊದಲು ಡೈರಿಯಲ್ಲಿ ಪೆನ್ಸಿಲಿನಿಂದ ಗುಂಪುಗಳ ಕರಡು ಸಿದ್ಧವಾಯಿತು. ಸ್ನೇಹಿತರು (ಸೇವೆಯಲ್ಲಿರುವವರು). ಸ್ನೇಹಿತರು (ನಿವೃತ್ತ). ಬಂಧುಗಳು (ಖಾಯಂ). ಬಂಧುಗಳು (ತಾತ್ಕಾಲಿಕ). ತಾತ್ಕಾಲಿಕ ಬಂಧುಗಳು ಯಾರೆಂದು ನಾನು ಕೇಳಲಿಲ್ಲ. ಸೊಸೆಯಾದವಳು ಕೆಲವು ಪ್ರಶ್ನೆಗಳನ್ನು ಕೇಳಬಾರದು.

ಒಬ್ಬರೇ ವ್ಯಕ್ತಿಗೆ ಎಷ್ಟು ಲೇಬಲ್‌ಗಳನ್ನಾದರೂ ಅಂಟಿಸಬಹುದು, ಅವರು ಎರಡು ಗುಂಪುಗಳಲ್ಲಿದ್ದರೂ ತೊಂದರೆಯಿಲ್ಲ ಎಂದು ಮಾತ್ರ ಹೇಳಿದೆ.

“ಒಂದು ಕಡತ ಎರಡು ಕಪಾಟಿನಲ್ಲಿ ಇರುವುದುಂಟೇನಮ್ಮ?” ಎಂದರು. ಆ ವಿಷಯ ಅಲ್ಲಿಗೆ ಮುಗಿಯಿತು.

ಅಲ್ಲಿಂದಲೇ ತೊಡಕು ಶುರುವಾಯಿತು. ಕುವೆಂಪುನಗರದ ದಂತವೈದ್ಯರು ನಮ್ಮತ್ತೆಯ ಅಣ್ಣನ ಮಗ. ಅವರು ಬಂಧುವೋ ವೈದ್ಯರೋ? ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಿಗ್ಗೆ ಜೊತೆಗೆ ನಡೆಯುವವರು ಈಗ ನಾದಿನಿಯ ಬೀಗರೂ ಹೌದು. ಮಾವನವರು ಯೋಚಿಸಿ ಯೋಚಿಸಿ ದಂತವೈದ್ಯರನ್ನು ‘ವೈದ್ಯರು’ ಗುಂಪಿಗೆ ಹಾಕಿದರು. “ಮದುವೆಗೆ ಬಂದಾಗ ಬಂಧು. ಉಳಿದ ದಿನ ಬಿಲ್ ಕೊಡುತ್ತಾನಲ್ಲ?” ಎಂಬುದು ಅವರ ಟಿಪ್ಪಣಿ.

ಎಲ್ಲೂ ಸೇರದವರಿಗೆ ‘ಇತರೆ’ ಎಂಬ ಗುಂಪಾಯಿತು. ನಾವು ಪತ್ರ ಬರೆದ ಹೊಸ ವಿಳಾಸಗಳನ್ನು ಜಿಮೇಲ್ ತಾನಾಗಿಯೇ ‘ಇತರ ಸಂಪರ್ಕಗಳು’ ಎಂಬ ಪಟ್ಟಿಯಲ್ಲಿ ಕೂಡಿಡುತ್ತದೆ. ಮಾವನವರು ಬಿಲ್ ಕಳುಹಿಸುವ ಯಂತ್ರಗಳಿಗೂ “ತಮ್ಮ ಪತ್ರ ತಲುಪಿದೆ, ವಂದನೆಗಳು” ಎಂದು ಉತ್ತರಿಸುವ ಸಭ್ಯಸ್ಥರಾದ್ದರಿಂದ ಆ ಪಟ್ಟಿಯಲ್ಲಿ ‘ನೋ ರಿಪ್ಲೈ’ ಎಂಬ ಹೆಸರಿನವರೂ ಧಾರಾಳವಾಗಿದ್ದರು. ಅವರನ್ನೂ ಸೇರಿಸಿ ಅಷ್ಟೂ ಮಂದಿ ‘ಇತರೆ’ಗೆ ಬಂದರು. ಅತ್ತೆಯ ತಂಗಿ, ಮಂಡ್ಯದ ಚಿಕ್ಕತ್ತೆಗೆ ಮೊಮ್ಮಗ ಆಗಷ್ಟೇ ಹೊಸ ಖಾತೆ ತೆರೆದುಕೊಟ್ಟಿದ್ದ. ಅವರ ಹೊಸ ವಿಳಾಸವೂ ಆ ಪಟ್ಟಿಯಲ್ಲೇ ಇತ್ತೆಂಬುದನ್ನು ಯಾರೂ ಗಮನಿಸಲಿಲ್ಲ.

ದಸರಾ ಬಂತು. ಪಟ್ಟದ ಗೊಂಬೆಗಳನ್ನು ಟ್ರಂಕಿನಿಂದ ಇಳಿಸಿ, ಮೆಟ್ಟಿಲು ಬೆಸವಾಗಿರಬೇಕೆಂದು ಅತ್ತೆ ಎಣಿಸುತ್ತಿರುವಾಗ, ಮಾವನವರು ಗೊಂಬೆ ನೋಡಲು ಬರಬೇಕೆಂಬ ಆಹ್ವಾನವನ್ನು ಗುಂಪು ಗುಂಪಾಗಿ ಕಳುಹಿಸಿದರು. ‘ಇತರೆ’ಯನ್ನೂ ಬಿಡಲಿಲ್ಲ. ಗುಂಪಿಗೆ ನಾವಿಟ್ಟ ಹೆಸರು ಪತ್ರದೊಂದಿಗೆ ಹೋಗುವುದಿಲ್ಲ. ಆದರೆ ‘ಗೆ’ ಎಂಬ ಜಾಗದಲ್ಲಿ ಹಾಕಿದರೆ ಗುಂಪಿನವರ ವಿಳಾಸಗಳೆಲ್ಲ ಎಲ್ಲರಿಗೂ ಕಾಣುತ್ತವೆ. ಮದುವೆ ಮನೆಯಲ್ಲಿ ತಮ್ಮನ್ನು ಯಾವ ಪಂಕ್ತಿಯಲ್ಲಿ, ಯಾರ ಪಕ್ಕ ಕೂರಿಸಿದರು ಎಂದು ನೋಡುವವರು ಇದನ್ನು ನೋಡದೆ ಬಿಡುತ್ತಾರೆಯೇ? ಚಿಕ್ಕತ್ತೆ ‘ಎಲ್ಲರಿಗೂ ಉತ್ತರಿಸಿ’ ಗುಂಡಿ ಒತ್ತಿದರು.

“ಭಾವ, ಆಹ್ವಾನ ತಲುಪಿತು. ಗೀಸರ್ ರಿಪೇರಿಯವರು, ಕೇಬಲ್ಲಿನವರು, ಅಡುಗೆಯವರು ಎಲ್ಲ ಬರುತ್ತಿದ್ದಾರೆಂದು ತಿಳಿದು ಸಂತೋಷವಾಯಿತು. ನಾನು ಅವರ ಜೊತೆ ಜಗುಲಿಯಲ್ಲಿ ಕೂರಬೇಕೋ, ಒಳಗೆ ಬರಬಹುದೋ ತಿಳಿಸಿ.”

ಇದನ್ನು ಓದಿದ ಅಡುಗೆಯವರು ಎಲ್ಲರಿಗೂ ಬರೆದರು: “ಸರ್, ಎಷ್ಟು ಎಲೆ ಆಗಬಹುದು?” ವಿಮೆಯವರು ಎಲ್ಲರಿಗೂ ಹಬ್ಬದ ಶುಭಾಶಯ ಕೋರಿ, ಕೆಳಗೆ ಹೊಸ ಪಾಲಿಸಿಯ ವಿವರ ಕೊಟ್ಟರು. ದಯವಿಟ್ಟು ಎಲ್ಲರಿಗೂ ಉತ್ತರಿಸಬೇಡಿ ಎಂದು ಒಬ್ಬರು ಎಲ್ಲರಿಗೂ ಉತ್ತರಿಸಿದರು. ಸಾಮಾನ್ಯ ಖಾತೆಯಿಂದ ಒಂದು ಪತ್ರವನ್ನು 500ಕ್ಕಿಂತ ಹೆಚ್ಚು ಮಂದಿಗೆ ಕಳುಹಿಸಲು ಜಿಮೇಲ್ ಬಿಡುವುದಿಲ್ಲ. ಐದೇ ಮಂದಿ ಎಂದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಸಂಜೆ ಅನ್ನಿಸಿತು.

ಬಿಸಿಸಿ ಎಂಬ ಚೌಕದಲ್ಲಿ ವಿಳಾಸಗಳನ್ನು ಹಾಕಿದ್ದರೆ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ ಎಂದು ವಿವರಿಸಿದೆ. ಟೈಪ್‌ರೈಟರಿಗೆ ಕಾರ್ಬನ್ ಹಾಳೆ ಸಿಕ್ಕಿಸಿ ಪ್ರತಿ ತೆಗೆದ ಕಾಲದವರಿಗೆ ಇದು ಹಿಡಿಸಲಿಲ್ಲ. “ಯಾರು ಯಾರಿಗೆ ಪ್ರತಿ ಹೋಗಿದೆಯೆಂದು ಕೆಳಗೆ ನಮೂದಿಸದಿದ್ದರೆ ಅದು ಪತ್ರವಲ್ಲಮ್ಮ, ಚಾಡಿ.”

ಎಲ್ಲ ರಗಳೆಗೂ ‘ಇತರೆ’ಯೇ ಮೂಲವೆಂದು ತೀರ್ಮಾನಿಸಿ ಆ ಲೇಬಲ್ಲನ್ನೇ ಅಳಿಸಲು ಹೊರಟರು. ಆಗ ಪರದೆ ಒಂದು ಪ್ರಶ್ನೆ ಕೇಳುತ್ತದೆ: ಲೇಬಲ್ ಮಾತ್ರ ತೆಗೆದು ಸಂಪರ್ಕಗಳನ್ನು ಉಳಿಸಿಕೊಳ್ಳುವುದೋ, ಅವರನ್ನೂ ಅಳಿಸುವುದೋ? ಅರ್ಧಂಬರ್ಧ ಕೆಲಸ ಮಾವನವರಿಗೆ ಆಗದು. ಅಳಿಸಿದವರಲ್ಲಿ ತಂಗಿಯೂ ಹೋದಳೆಂದು ತಿಳಿದು ಅತ್ತೆ ಮೆಟ್ಟಿಲಿನಿಂದ ಎದ್ದೇ ಬಂದರು. ಪುಣ್ಯಕ್ಕೆ ವಿಳಾಸ ಪುಸ್ತಕವನ್ನು 30 ದಿನಗಳ ವರೆಗೂ ಹಿಂದಿನ ಸ್ಥಿತಿಗೆ ಮರಳಿಸುವ ಸೌಲಭ್ಯವಿದೆ. ಒಂದು ಗಂಟೆ ಹಿಂದಕ್ಕೆ ಹೋಗಿ ಚಿಕ್ಕತ್ತೆಯನ್ನು ಕರೆತಂದೆವು.

ನಿಜವಾದ ಚಿಕ್ಕತ್ತೆ ಅಷ್ಟಮಿಯ ದಿನ ತಾವಾಗಿಯೇ ಬಂದರು. ಗೊಂಬೆಗಳಿಗಿಂತ ಮೊದಲು ಮಾವನವರ ಕಂಪ್ಯೂಟರ್ ನೋಡಿದರು. ‘ಬಂಧುಗಳು (ಖಾಯಂ)’ ಅಡಿಯಲ್ಲಿ ತಮ್ಮ ಹೆಸರು ಓದಿ ತೃಪ್ತರಾಗಿ, ಗುಂಪು ಮಾಡುವುದು ಹೀಗೆ ಎಂದು ತಮ್ಮ ಟ್ಯಾಬ್ ತೆರೆದು ತೋರಿಸಿದರು. ಅವರ ‘ಮೈಸೂರು’ ಗುಂಪಿನಲ್ಲಿ ಅತ್ತೆ, ನನ್ನ ಗಂಡ, ನಾನು, ಮಕ್ಕಳು ಎಲ್ಲ ಇದ್ದೆವು. ಮಾವನವರು ಇರಲಿಲ್ಲ. ಹುಡುಕಿದರೆ ‘ಉಪಯೋಗಕ್ಕೆ ಬರುವವರು’ ಎಂಬ ಗುಂಪಿನಲ್ಲಿ, ಪಂಪ್‌ಸೆಟ್ ಮೆಕ್ಯಾನಿಕ್ಕಿಗೂ ದನದ ಡಾಕ್ಟರಿಗೂ ನಡುವೆ ಸಿಕ್ಕರು.

ಅತ್ತೆ ಬಾಯಿಗೆ ಸೆರಗು ಹಿಡಿದರು. ಮಾವನವರು ಕನ್ನಡಕ ಏರಿಸಿಕೊಂಡು ಆ ಸಾಲನ್ನು ಎರಡು ಬಾರಿ ಓದಿದರು.

“ನೋಡಿದೆಯಾ?” ಎಂದರು ಅತ್ತೆಯತ್ತ ತಿರುಗಿ, “ಉಪಯೋಗಕ್ಕೆ ಬರುತ್ತೇನೆ ಎಂದು ಲಿಖಿತವಾಗಿ ಕೊಟ್ಟಿದ್ದಾಳೆ.”